ಬೀಗರು ಕೂರಬೇಕಾದ ಕುರ್ಚಿ

ಇರಕಲ್ಲಗಡದ ಪಿಂಜಾರ ಮರ್ದಾನಸಾಬ ಹತ್ತಿ ಹಿಂಜುವ ಬಿಲ್ಲನ್ನು ಹೆಗಲಿಗೇರಿಸಿ ಹೊರಟರೆ ಎದುರಿಗೆ ಬಂದ ಬಂಡಿಗಳು ಸರಿದು ದಾರಿ ಬಿಡುತ್ತಿದ್ದವಂತೆ. ಬಿಲ್ಲು ಆಳೆತ್ತರ, ಹೊತ್ತ ಆಳು ಬಿಲ್ಲಿಗಿಂತ ಗೇಣು ಎತ್ತರ. ಅದು ನಿಜಾಮರ ಕಾಲ. ತಾನು ಹಿಂಜಿದ ಹತ್ತಿಯಲ್ಲಿ ಒಂದೇ ಒಂದು ಕಾಳು ಸಿಕ್ಕರೂ ಬಿಲ್ಲು ಮುರಿದು ಒಲೆಗೆ ಹಾಕುತ್ತೇನೆ ಎಂದು ಯಲಬುರ್ಗಿಯಿಂದ ಕುಷ್ಟಗಿಯವರೆಗೆ ಪಂಥ ಕಟ್ಟಿಕೊಂಡು ತಿರುಗಿದವನು. ಒಬ್ಬ ತಹಶೀಲ್ದಾರ ಅವನಿಂದ ಹೊಲಿಸಿಕೊಂಡ ಹತ್ತಿಹಾಸಿಗೆ, ಆ ಗಾದಿಯನ್ನೇ ಬಿಚ್ಚಿಸಿ ಕಾಳು ಹುಡುಕಿಸುತ್ತೇನೆ ಎಂದು ನಿಂತ. ‘ಬಿಚ್ಚುವ ಮೊದಲು ಒಮ್ಮೆ ಅಡ್ಡಾಗಿ ನೋಡ್ರಿ ಸಾಹೇಬರ’ ಎಂದ ಮರ್ದಾನಸಾಬ. ಸಾಹೇಬ ಅಡ್ಡಾದವನು ಎದ್ದದ್ದು ಬಿಸಿಲು ಇಳಿದ ಮೇಲೆ. ಕಚೇರಿಯ ಮುಂದೆ ಕಾದು ಕುಳಿತಿದ್ದ ಜನ ಅಂದು ಪಿಂಜಾರನನ್ನು ಬೈದುಕೊಂಡೇ ಮನೆಗೆ ಹೋದರು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಯಾರೋ ಪಿಂಜಾರರಲ್ಲದವರು ಕಟ್ಟಿರಬೇಕು, ನಮ್ಮ ಮನೆತನದಲ್ಲಿ ಕಾಲು ಇದ್ದಷ್ಟು ಹಾಸಿಗೆ ಹೊಲಿಯುತ್ತೇವೆ ಎನ್ನುವುದು ಅವನ ಮಾತು.

ಅವನ ಮಗ ದಾವಲಸಾಬ ಎತ್ತಿಗೆ ಗಾದಿ ಹೊಲಿದವನು. ಒಬ್ಬ ಗೌಡರ ಎತ್ತು ಪಕ್ಕೆ ಮುರಿದುಕೊಂಡು ಮಲಗಲಾರದೆ ನಿಂತೇ ಸೊರಗುತ್ತಿತ್ತು. ದಾವಲಸಾಬ ಜೋಳದ ಒಣಗರಿಯ ರವದಿಯ ಮೇಲೆ ಹತ್ತಿ, ಹತ್ತಿಯ ಮೇಲೆ ಗೋಣಿತಟ್ಟು ಹಾಕಿ ಎಂಟು ಮೊಳದ ಗಾದಿ ಮಾಡಿಕೊಟ್ಟ. ಎತ್ತು ಬದುಕಿತು. ಆದರೆ ಮುಂದೆ ಸಾಯುವವರೆಗೂ ಬರಿ ನೆಲದ ಮೇಲೆ ಮೈ ಹಾಕಲಿಲ್ಲ. ಗೌಡರು ಎತ್ತಿನ ಜೊತೆಗೆ ಗಾದಿಯನ್ನೂ ಹೊಲಕ್ಕೆ ಹೊರಿಸಿಕೊಂಡು ಹೋಗುವಂತಾಯಿತು. ದಾವಲಸಾಬನ ಹೆಂಡತಿ ಖಾಜಾಬಿ ಗಾದಿಯ ಅಂಚು ಹೊಲಿದರೆ ಕೂರಿಗೆ ಹಿಡಿದು ಬಿತ್ತಿದ ಸಾಲಿನಂತೆ ನೆಟ್ಟಗಿರುತ್ತಿತ್ತು.

ಈ ದಾವಲಸಾಬ, ಖಾಜಾಬಿಯರ ಮಗಳೇ ಶಹನಾಜಬೇಗಂ. ಗಂಗಾವತಿಗೆ ಸೊಸೆಯಾಗಿ ಬಂದು ನಲವತ್ತೆರಡು ವರ್ಷ, ಗಂಡ ಅಸ್ಲಮ ತೀರಿಕೊಂಡು ಎಂಟು ವರ್ಷ. ಓಣಿಯ ಅರ್ಧ ಜನ ಹುಟ್ಟಿದ್ದು ಆಕೆ ಹೊಲಿದ ಗಾದಿಯ ಮೇಲೆ. ಅಂಗಡಿಯ ಫೋಮಿನ ಹಾಸಿಗೆಗಳು ಬಂದ ಮೇಲೆ ದಬ್ಬಣಕ್ಕೆ ಕೆಲಸ ಕಡಿಮೆಯಾಯಿತು, ಬಾಯಿಗೆ ಮಾತ್ರ ಆಗಲಿಲ್ಲ. ಆ ಬಾಯಿಯೇ ಒಂದು ದಿನ ಕೆಲಸ ಕೆಡಿಸಿತು.

ಮಗ ಮುನವ್ವರ ಅಕ್ಕಿ ಗಿರಣಿಯಲ್ಲಿ ಮಶೀನು ನೋಡಿಕೊಳ್ಳುತ್ತಾನೆ. ಅವನ ಹೆಂಡತಿ ಖುಷ್ಬು ಕುಷ್ಟಗಿಯವಳು. ಮದುವೆಯಲ್ಲಿ ಅವಳ ತಂದೆ ಹಾಜಿಸಾಬರು ಊಟದ ಟೇಬಲ್ಲು, ಆರು ಕುರ್ಚಿ ಕೊಟ್ಟಿದ್ದರು. ಹಾಜಿಸಾಬರದು ದಾಳಿಂಬೆ ವ್ಯಾಪಾರ. ಆರಡಿ ಎತ್ತರ, ನೂರಾ ಹದಿನೆಂಟು ಕಿಲೋ ತೂಕ. ನಡೆದು ಬಂದರೆ ಬಾಗಿಲಿನ ಬೆಳಕು ಕಡಿಮೆಯಾಗುವಂಥ ಆಳು. ಮೊಣಕಾಲು ನೋವು ಬೇರೆ. ನೆಲದ ಮೇಲೆ ಕುಳಿತರೆ ಎಬ್ಬಿಸಲು ಇಬ್ಬರು ಬೇಕು.

ಕಳೆದ ರಂಜಾನ್ ಹಬ್ಬದ ಮಧ್ಯಾಹ್ನ ಎಲ್ಲರೂ ಆ ಟೇಬಲ್ಲಿಗೆ ಕೂತಿದ್ದರು. ಹಾಜಿಸಾಬರು ಬಿರಿಯಾನಿಯ ತಟ್ಟೆ ಎತ್ತಿಕೊಂಡು ಸ್ವಲ್ಪ ಹಿಂದಕ್ಕೆ ಸರಿದರು, ಅಷ್ಟೇ. ಕುರ್ಚಿಯ ಕಾಲು, ಚೌಕಟ್ಟು ತೇಗದ್ದಾದರೂ ಕೂರುವ ಹಲಗೆ ಕಟ್ಟಿಗೆಯ ಹೊಟ್ಟು ಒತ್ತಿ ಮಾಡಿದ್ದು. ಅದು ಚಟ್ಟೆಂದು ಮುರಿದು, ಹಾಜಿಸಾಬರ ಸೊಂಟ ಚೌಕಟ್ಟಿನೊಳಗೆ ಇಳಿಯಿತು. ಮೊಣಕಾಲು ಗದ್ದಕ್ಕೆ ಬಂದವು. ಕೈಯಲ್ಲಿದ್ದ ತಟ್ಟೆ ಮಾತ್ರ ಅಲ್ಲಾಡಲಿಲ್ಲ, ಒಂದು ಅಗುಳೂ ಕೆಳಗೆ ಬೀಳಲಿಲ್ಲ. ಅದನ್ನು ನೋಡಿ ಶಹನಾಜಬೇಗಂಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ತುರುಕಿಕೊಂಡರೂ ಮಾತು ಜಾರಿತು.

"ಬೀಗರ, ಕುರ್ಚಿ ಉಟ್ಕೊಂಡಂಗ ಆತಲ್ರಿ!"

ಮನೆಯ ತುಂಬ ನಗು ಹೊಡೆಯಿತು. ಹಾಜಿಸಾಬರೂ ನಕ್ಕರು. ಮುನವ್ವರ ಮತ್ತು ಇನ್ನಿಬ್ಬರು ಸೇರಿ ಅವರನ್ನು ಕುರ್ಚಿಯಿಂದ ಬಿಡಿಸಿದರು. ಆದರೆ ಹಬ್ಬದ ಸಿಹಿ ಸುರಕುಂಬಾ ಬಟ್ಟಲಿಗೆ ಬರುವ ಮೊದಲೇ ಅವರು ಲಾರಿ ಬಂದೈತಿ ಎಂದು ಹೇಳಿ ಹೊರಟುಬಿಟ್ಟರು.

ಅಲ್ಲಿಂದ ಐದು ತಿಂಗಳಾಯಿತು. ಬಕ್ರೀದಿಗೂ ಬರಲಿಲ್ಲ. "ಅಪ್ಪಾಗ ಕೆಲಸ ಭಾಳ ಐತಂತ ಅತ್ತಿ" ಎನ್ನುತ್ತಾಳೆ ಖುಷ್ಬು. ಒಂದು ದಿನ ಆಕೆ ರೊಟ್ಟಿ ಬಡಿಯುತ್ತ, ತಂದೆಯೊಡನೆ ಫೋನನ್ನು ಪಕ್ಕಕ್ಕಿಟ್ಟು ಜೋರು ದನಿಯಲ್ಲಿ ಹಾಕಿಕೊಂಡು ಮಾತಾಡುತ್ತಿದ್ದಾಗ, ಹಿತ್ತಲಲ್ಲಿದ್ದ ಶಹನಾಜಬೇಗಂ ಕಿವಿಗೆ ಎಲ್ಲವೂ ಬಿತ್ತು.

"ಬರ್ಬೇಕು ಅನಸ್ತೈತಿ ಬೇಟಿ. ಖರೆ ಏನ್ ಮಾಡ್ಲಿ? ನೆಲದ ಮ್ಯಾಲ ಕುಂಡ್ರಾಕ ಆಗೂದಿಲ್ಲ. ಆ ಕುರ್ಚಿ ನೋಡಿದ್ರ ಜೀವ ಝಲ್ ಅಂತೈತಿ. ಬೀಗತ್ಯಾರು ಮತ್ತ ನಕ್ರ ನಾ ಎಲ್ಲಿ ಮುಖ ಇಟ್ಕೊಳ್ಲಿ?"

ಕಾವಲಿಯ ಮೇಲಿನ ರೊಟ್ಟಿ ಕರಕಾಯಿತು. ಆ ಹುಡುಗಿ ಈ ಮನೆಗೆ ಬಂದ ಮೂರು ವರ್ಷದಲ್ಲಿ ರೊಟ್ಟಿ ಕರಕು ಮಾಡಿದ್ದು ಅದೇ ಮೊದಲು.

ಶಹನಾಜಬೇಗಂ ಒಳಗೆ ಬಂದವಳೇ ಅಟ್ಟದ ಮೇಲೆ ಎಸೆದಿದ್ದ ಮುರುಕು ಕುರ್ಚಿಯನ್ನು ಇಳಿಸಿದಳು.

"ಮುನವ್ವರ, ಸ್ಕ್ರೂಡ್ರೈವರ್ ತಾ."

"ಯವ್ವಾ, ಯಾಕ ಒದ್ದಾಡ್ತಿ? ಸೋಫಾ ಹೊಲಿಯೋ ಅಂಗಡಿಗೆ ಕೊಟ್ರ ಸಂಜಿಕ್ಕ ಮಾಡಿ ಕೊಡ್ತಾರ. ನೋಡಿಲ್ಲೆ, ಫೋನಿನ್ಯಾಗ ವಿಡಿಯೋನೂ ಐತಿ."

ವಿಡಿಯೋದಲ್ಲಿ ಒಬ್ಬ ಮನುಷ್ಯ ಫೋಮನ್ನು ಚಾಕುವಿನಿಂದ ಕೊಯ್ದು, ಬಟ್ಟೆ ಎಳೆದು, ಪಿಸ್ತೂಲಿನಂಥ ಮಶೀನಿನಿಂದ ಟಕ್ ಟಕ್ ಎಂದು ಪಿನ್ನು ಹೊಡೆಯುತ್ತಿದ್ದ. ಶಹನಾಜಬೇಗಂ ಕೊನೆಯವರೆಗೂ ನೋಡಿದಳು.

"ಕೈ ಛಲೋ ಐತಿ ಅವಂದು. ಖರೆ ಅವ ಬೀಗರನ್ನ ನೋಡಿ ನಕ್ಕಿಲ್ಲಲ್ಲ! ನಕ್ಕ ಬಾಯಿ ನಂದು, ಹೊಲಿಯೋ ಕೈನೂ ನಂದ ಆಗಬೇಕು."

ಕೆಲಸ ಶುರುವಾಯಿತು. ನಾಲ್ಕು ಸ್ಕ್ರೂ ಬಿಚ್ಚಿದರೆ ಮುರಿದ ಹಲಗೆ ಎರಡು ತುಂಡಾಗಿ ಕೆಳಗೆ ಬಿತ್ತು. ರೆಕ್ಸಿನ್ ಸುತ್ತ ಹೊಡೆದಿದ್ದ ಪಿನ್ನುಗಳನ್ನು ಇಕ್ಕಳದಿಂದ ಒಂದೊಂದಾಗಿ ಕಿತ್ತಳು. ಒಳಗಿನ ಫೋಮು ಮುಟ್ಟಿದರೆ ಪುಟಾಣಿ ಹಿಟ್ಟಿನಂತೆ ಉದುರಿತು. ಅದನ್ನು ಮೊರದಲ್ಲಿ ಹಿಡಿದು ಸೊಸೆಗೆ ತೋರಿಸಿದಳು.

"ನೋಡವ್ವಾ, ಇದರ ಮ್ಯಾಲ ನಿಮ್ಮಪ್ಪ ಕುಂತಿದ್ರು. ತಪ್ಪು ಅವರ ತೂಕದ್ದಲ್ಲ."

ಹಲಗೆ ಮತ್ತೆ ಬೇಡವೆಂದು ತೀರ್ಮಾನಿಸಿದಳು. ಮಂಚಕ್ಕೆ ಹೆಣೆಯುವ ಅಗಲ ನವಾರು ತಂದು, ಚೌಕಟ್ಟಿನ ಮೇಲೆ ಆ ಕಡೆ ಐದು, ಈ ಕಡೆ ಐದು ಪಟ್ಟಿ ಎಳೆದು, ಚಾಪೆ ಹೆಣೆದಂತೆ ಒಂದರ ಕೆಳಗೊಂದು ತೂರಿಸಿ, ತುದಿಗಳನ್ನು ಎರಡು ಪದರ ಮಡಚಿ ಮೊಳೆ ಹೊಡೆದಳು. ಹೊಡೆದ ಮೇಲೆ ಬೆರಳಿನಿಂದ ಮೀಟಿದರೆ ತಮಟೆ ಬಡಿದಂತೆ ಟಂವ್ ಎಂದಿತು. ಅದರ ಮೇಲೆ ಗೋಣಿತಟ್ಟು. ಅದರ ಮೇಲೆ ಹತ್ತಿ.

ಬಟ್ಟೆಯ ವಿಷಯಕ್ಕೆ ಅತ್ತೆ ಸೊಸೆಗೆ ಸ್ವಲ್ಪ ವಾದ ಹತ್ತಿತು. ಶಹನಾಜಬೇಗಂ ತೆಗೆದದ್ದು ನೀಲಿ ಬಿಳಿ ಪಟ್ಟಿಯ ಗಾದಿ ಬಟ್ಟೆ.

"ಅತ್ತಿ, ಉಳಿದ ಐದು ಕುರ್ಚಿ ಕುಂಕುಮ ಬಣ್ಣದವು. ಅವುಗಳ ನಡುವ ಇದೊಂದು ಜೇಲಿನಿಂದ ಓಡಿ ಬಂದಂಗ ಕಾಣ್ತೈತಿ."

"ಅದೂ ಖರೆ" ಎಂದು ನಕ್ಕು, ಪ್ಯಾಟೆಯಿಂದ ಕುಂಕುಮ ಬಣ್ಣದ ದಪ್ಪ ಬಟ್ಟೆ ತರಿಸಿದಳು. ಹಳೆಯ ರೆಕ್ಸಿನ್ನನ್ನೇ ಅಳತೆಗೆ ಹಾಸಿ, ಸುತ್ತ ನಾಲ್ಕು ಬೆರಳು ಹೆಚ್ಚಿಗೆ ಬಿಟ್ಟು ಕತ್ತರಿಸಿದಳು. ಹಿಂದಿನ ಕಾಲು ಮೇಲೆದ್ದು ಬೆನ್ನಾಗುವ ಮೂಲೆಯಲ್ಲಿ ಬಟ್ಟೆಗೆ ಓರೆಯಾಗಿ ಕತ್ತರಿ ಬಾಯಿ ಹಾಕಿದಳು. ಮುಂದಿನ ಮೂಲೆಗಳನ್ನು ಎಲೆ ಅಡಿಕೆ ಮಡಚಿದಂತೆ ಮಡಚಿ ಒಳಗೆ ಸೇರಿಸಿದಳು. ಕೊನೆಗೆ ಕುರ್ಚಿಯನ್ನು ತಲೆಕೆಳಗು ಮಾಡಿ ಸುತ್ತಲೂ ಬೆರಳಗಲಕ್ಕೊಂದು ಸಣ್ಣ ಮೊಳೆ ಹೊಡೆದಳು. ಎಲ್ಲ ಮುಗಿಸಿ ತಿರುಗಿಸಿ ನಿಲ್ಲಿಸಿದಾಗ ಮನೆಯವರೆಲ್ಲ ಒಂದು ಹೆಜ್ಜೆ ಹಿಂದೆ ಸರಿದು ನೋಡಿದರು.

ಕುರ್ಚಿಯ ಮೇಲೆ ಒಂದು ಗುಡ್ಡ ಎದ್ದಿತ್ತು.

ಗಾದಿ ಹೊಲಿಯುವವರಿಗೆ ಒಂದು ಲೆಕ್ಕ ಕೈಯಲ್ಲೇ ಇರುತ್ತದೆ. ಹತ್ತಿ ಕುಸಿಯುವ ಜಾತಿ, ಆದ್ದರಿಂದ ನಾಲ್ಕು ಬೆರಳು ಬೇಕಾದಲ್ಲಿ ಗೇಣುದ್ದ ತುಂಬಬೇಕು. ಗಾದಿಯ ಮೇಲೆ ಮನೆಮಂದಿ ಮಲಗಿ, ಹೊರಳಿ, ಮಕ್ಕಳು ಕುಣಿದು ಎರಡು ತಿಂಗಳಲ್ಲಿ ಅದನ್ನು ಹದಕ್ಕೆ ತರುತ್ತಾರೆ. ಶಹನಾಜಬೇಗಂನ ಕೈ ತಲೆಯನ್ನು ಕೇಳದೆ ಅದೇ ಲೆಕ್ಕ ಹಿಡಿದಿತ್ತು. ಒಂದು ಕಿಲೋ ಸಾಕಾಗುವ ಕುರ್ಚಿಗೆ ಎರಡೂವರೆ ಕಿಲೋ ಹತ್ತಿ ನುಂಗಿಸಿದ್ದಳು.

ಮುನವ್ವರ ಕೂತು ನೋಡಿದ. ಅವನ ಮೊಣಕಾಲು ಟೇಬಲ್ಲಿನ ಅಡಿಗೆ ಬಡಿದವು. ಸ್ವಲ್ಪ ಈ ಕಡೆ ಸರಿದ, ಜಾರಿ ನೆಲಕ್ಕೆ ಬಂದ.

"ಯವ್ವಾ, ಇದು ಕುರ್ಚಿಯಲ್ಲ, ಹೇಮಗುಡ್ಡ. ಹತ್ತಾಕ ಪಾವಟಿಗಿ ಬೇಕು."

"ಅತ್ತಿ, ಬರೂ ಐತವಾರಕ್ಕ ಅಪ್ಪಾನ್ನ ಕರಿಯೂಣು ಅಂತ ಮಾಡಿದ್ನಿ" ಎಂದಳು ಖುಷ್ಬು ಮೆಲ್ಲಗೆ. "ಮೊದಲ ಮುರದ ಬಿದ್ರು, ಈಗ ಜಾರಿ ಬಿದ್ರ ಮುಂದ ಈ ಊರಿನ ಬಸ್ಸ ಹತ್ತೂದಿಲ್ಲ ಅವರು."

"ಹತ್ತಿ ಒಂದೀಟು ತಗಿ ಯವ್ವಾ" ಎಂದ ಮುನವ್ವರ.

"ತಗದ್ರ ಆರು ತಿಂಗಳಿಗೆ ರೊಟ್ಟಿ ಆಗ್ತೈತಿ, ನಿಮ್ಮ ಮಾವನ ಎಲಬಿಗೆ ನವಾರು ಹತ್ತತೈತಿ. ಮತ್ತ ಅದ ಕಟ್ಟಿಗಿಗೆ ಎರಡನೇ ಸಲ ಮೊಳಿ ಹೊಡದ್ರ ಸೀಳತೈತಿ. ತುಂಬಿದ್ದು ತಪ್ಪಲ್ಲ, ಒತ್ತಿ ಹಣಿದಿಲ್ಲ ಅಷ್ಟ. ಗಾದಿ ಹಣಿಯೋದು ಮಂದಿ. ಇದಕ್ಕೂ ಮಂದಿ ಹಚ್ಚತೀನಿ."

ಮರುದಿನ ಬೆಳಿಗ್ಗೆ ಕುರ್ಚಿ ಎದುರು ಮನೆಯ ಕಟ್ಟೆ ಸೇರಿತು. ಅದು ಶಿವಬಸಮ್ಮ ಮತ್ತು ಪಕೀರಪ್ಪನವರ ಮನೆ. ಪಕೀರಪ್ಪ ಬಸ್ಸಿನ ಕಂಡಕ್ಟರ್ ಆಗಿ ನಿವೃತ್ತಿಯಾದವರು. ಪೇಪರು ಓದುತ್ತ ಕೂರುವುದು ಬಿಟ್ಟರೆ ಅವರಿಗೆ ಬೇರೆ ಕೆಲಸವಿಲ್ಲ.

"ಪಕೀರಪ್ಪಣ್ಣಾ, ಈ ಕುರ್ಚಿ ಮ್ಯಾಲ ಕುಂತು ಪೇಪರ್ ಓದ್ರಿ. ತಾಸಿಗೊಮ್ಮಿ ಎದ್ದು ಮಗ್ಗಲ ಬದಲಸ್ರಿ. ಒಂದ ಕಡೆ ಕುಂತ್ರ ನಡುವ ತಗ್ಗು ಬೀಳ್ತೈತಿ."

"ಮೂವತ್ತೈದು ವರ್ಷ ನಿಂತು ದುಡದೇನಿ ತಂಗಿ. ಈಗ ಕುಂತು ದುಡಿ ಅಂತಿ. ಆಗಲಿ!"

"ಇವರಿಗೆ ಕೊಟ್ಟಿಯಲ್ಲ ಅಕ್ಕಾ" ಎಂದು ಒಳಗಿನಿಂದ ಶಿವಬಸಮ್ಮ ಕೂಗಿದಳು. "ಮಳ್ಯಾಗ ತೊಯ್ದ್ರೂ ನಲವತ್ತೆಂಟು ಕಿಲೋ ಆಗೂದಿಲ್ಲ. ಇವರು ಕುಂತಿದ್ದು ಕುರ್ಚಿಗೂ ಗೊತ್ತಾಗೂದಿಲ್ಲ."

ಆ ವಾರವೆಲ್ಲ ಓಣಿಯಲ್ಲಿ ಕುರ್ಚಿಯದೇ ಸುದ್ದಿ. ಪಕೀರಪ್ಪ ಎದ್ದ ಕೂಡಲೇ ಶಿವಬಸಮ್ಮ ಕೂತು ಬೆಳ್ಳುಳ್ಳಿ ಸುಲಿದಳು. ನೀರು ತರಲು ಬಂದವರು ಕೊಡ ಇಳಿಸಿ ಒಂದು ಗಳಿಗೆ ಕೂತರು. ಕೂತವರಿಗೆಲ್ಲ ಶಹನಾಜಬೇಗಂ ಚಹಾ ಕೊಟ್ಟಳು. ಚಹಾದ ವಾಸನೆಗೆ ಪಕ್ಕದ ಓಣಿಯವರೂ ಬಂದರು. ಸಂಜೆ ಕುರ್ಚಿಯನ್ನು ಮನೆಗೆ ತಂದು, ಬೆತ್ತದ ಕೋಲಿನಿಂದ ನಾಲ್ಕೂ ಕಡೆ ಬಡಿದು, ಅಂಗೈ ಒತ್ತಿ ನೋಡುತ್ತಿದ್ದಳು. ಅರ್ಧ ಬೆರಳು ಇಳಿದಿರುತ್ತಿತ್ತು. ಬೆಳಗಾಗುವಷ್ಟರಲ್ಲಿ ಮತ್ತೆ ಪೂರಿಯಂತೆ ಉಬ್ಬಿರುತ್ತಿತ್ತು.

ಶುಕ್ರವಾರಕ್ಕೂ ಗುಡ್ಡ ಗುಡ್ಡವಾಗಿಯೇ ಇತ್ತು. ಓಣಿಯಲ್ಲಿ ದುಡಿಯುವ ಜನವೇ ಹೆಚ್ಚು. ಎಲ್ಲರೂ ಒಣ ಮೈಯವರು. ಸೀಟಿನ ಮೇಲೆ ಅಂಗೈಯಿಟ್ಟುಕೊಂಡು ಆಕೆ ಬಹಳ ಹೊತ್ತು ಕುಳಿತಳು. ಈ ಹತ್ತಿಯನ್ನು ಕೂರಿಸುವ ತೂಕ ಇರುವುದು ಎಲ್ಲಿ ಎಂಬುದು ಆಕೆಗೆ ಗೊತ್ತಿತ್ತು. ಕೇಳುವುದಕ್ಕೆ ಬಾಯಿ ಬರಬೇಕಿತ್ತು ಅಷ್ಟೇ. ನಗುವಾಗ ಸೆರಗಿಗೂ ಬಗ್ಗದೆ ಓಡಿ ಬಂದಿದ್ದ ಬಾಯಿ ಈಗ ಒಣಗಿ ಕುಳಿತಿತ್ತು. ಕೊನೆಗೆ ಒಂದು ಲೋಟ ನೀರು ಕುಡಿದು ಸೊಸೆಯ ಫೋನು ಇಸಿದುಕೊಂಡಳು.

"ಸಲಾಮ್ರಿ ಬೀಗರ, ನಾನು ಶಹನಾಜ."

"ವಾಲೇಕುಂ ಸಲಾಂ" ಎಂದರು ಹಾಜಿಸಾಬರು, ಗಾಬರಿಯಾಗಿ. "ಏನ್ರಿ ಬೀಗತ್ಯಾರ, ಎಲ್ಲಾರೂ ಆರಾಮ ಅದೀರಿಲ್ಲೋ?"

"ನಾ ಒಬ್ಬಾಕಿ ಆರಾಮಿಲ್ರಿ. ಆ ಕುರ್ಚಿ ಹೊಲ್ದೇನಿ. ಹತ್ತಿ ಹೆಚ್ಚಾಗಿ ಗುಡ್ಡ ಆಗೇತಿ. ವಾರ ಆತು, ಓಣಿ ಮಂದಿ ಎಲ್ಲಾ ಕುಂತ್ರೂ ಇಳೀವಲ್ತು. ನಿಮ್ಮ ತೂಕ ಬೇಕಾಗೇತಿ. ಬರ್ರಿ."

ಹಾಜಿಸಾಬರ ದನಿ ಏರಿತು.

"ಚೇಷ್ಟಿ ಮಾಡ್ತೀರೇನ್ರಿ? ಗಂಗಾವತ್ಯಾಗ ದಪ್ಪ ಮಂದಿ ಇಲ್ಲೇನು?"

"ಭಾಳ ಮಂದಿ ಅದಾರ. ಅವರನ್ನ ನೋಡಿ ನಾ ನಕ್ಕಿಲ್ಲ. ನಿಮ್ಮನ್ನ ನೋಡಿ ನಕ್ಕೀನಿ." ಶಹನಾಜಬೇಗಂನ ದನಿ ಸಣ್ಣದಾಯಿತು. "ಮನಿಗೆ ಬಂದವರು ಬಿದ್ದಾಗ ಕೈ ಕೊಟ್ಟು ಎಬ್ಬಸಬೇಕಿತ್ತು. ನಾ ಎಲ್ಲಾರ್ನೂ ಕೂಡಿಸಿ ನಗಿಸಿದೆ. ತಪ್ಪಾತ್ರಿ ಬೀಗರ. ಮಾಫ್ ಮಾಡ್ರಿ."

ಹಾಜಿಸಾಬರು ಉಸಿರು ಎಳೆದುಕೊಂಡದ್ದು ಫೋನಿನಲ್ಲಿ ಕೇಳಿಸಿತು.

"ನೋಡ್ರಿ, ತಿಳುವಳಿಕಿ ಬಂದಾಗಿಂದ ನನ್ನ ತೂಕಾ ನೋಡಿ ಆಟೋದವರು ಅಂಜ್ಯಾರ, ತಕ್ಕಡ್ಯಾವರು ನಕ್ಕಾರ. ನಿಮ್ಮ ತೂಕ ಬೇಕಾಗೇತಿ ಬರ್ರಿ ಅಂದವರು ನೀವ ಮೊದಲು." ಆಮೇಲೆ ವ್ಯಾಪಾರಿಯ ದನಿಯಲ್ಲಿ ಕೇಳಿದರು. "ಎಷ್ಟೊತ್ತು ಕುಂಡ್ರಬೇಕು?"

"ನಾಷ್ಟಾದಿಂದ ಹಿಡದು ಮಧ್ಯಾಹ್ನದ ಊಟದ ತನಕ. ನಡುವ ಎದ್ದೆದ್ದು ಮಗ್ಗಲ ಬದಲಸಬೇಕು."

"ಊಟಕ್ಕ ಏನು?"

"ಬದನಿ ಎಣಗಾಯಿ, ರೊಟ್ಟಿ. ನಿಮ್ಮ ಮಗಳ ಕೈಯಿಂದು."

"ಬರ್ತೀನಿ ಹಂಗಾರ."

ಭಾನುವಾರ ಎಂಟೂವರೆಗೆ ಹಾಜಿಸಾಬರು ಒಂದು ಬುಟ್ಟಿ ದಾಳಿಂಬೆ ಹಿಡಿದು ಬಂದರು. ಎತ್ತು ಕೊಳ್ಳಲು ಬಂದವರಂತೆ ಕುರ್ಚಿಯ ಸುತ್ತ ಎರಡು ಸುತ್ತು ಹಾಕಿದರು. ಕಾಲು ಹಿಡಿದು ಅಲ್ಲಾಡಿಸಿದರು, ಬಗ್ಗಿ ಕೆಳಗಿನ ನವಾರು ಮೀಟಿದರು. ಆದರೂ ಕೂರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಖುಷ್ಬು ಸೌಟು ಹಿಡಿದು ನಿಂತಿದ್ದಳು. ಶಹನಾಜಬೇಗಂ ಬಂದು ಕುರ್ಚಿಯ ಬೆನ್ನನ್ನು ಎರಡೂ ಕೈಯಿಂದ ಹಿಡಿದಳು.

"ಕುಂಡರ್ರಿ. ನಾ ಹಿಡದೇನಿ."

ಹಾಜಿಸಾಬರು ಟೇಬಲ್ಲಿಗೆ ಕೈಯೂರಿ ಮೆಲ್ಲಗೆ ಇಳಿದರು. ಅರ್ಧ ಕೂತರು. ನವಾರು ಕಿರ್ರ್ ಎಂದಿತು. ಖುಷ್ಬು ಕಣ್ಣು ಮುಚ್ಚಿಕೊಂಡಳು. ಇನ್ನರ್ಧವೂ ಇಳಿಯಿತು. ಚೌಕಟ್ಟು ಅಲ್ಲಾಡಲಿಲ್ಲ. ಒಳಗಿನಿಂದ ಹತ್ತಿ ಮಾತ್ರ ಉಸ್ಸೆಂದು ಗಾಳಿ ಬಿಟ್ಟಿತು.

"ಬೀಗತ್ಯಾರ, ನಿಮ್ಮ ಕುರ್ಚಿ ಉಸಿರು ಬಿಡ್ತು!"

"ಅದು ಬಿಡ್ಲಿ. ನೀವು ಹಿಡೀಬ್ಯಾಡ್ರಿ, ಆರಾಮ ಕುಂಡರ್ರಿ."

ಆಗ ಹಾಜಿಸಾಬರು ನಕ್ಕರು. ಹೊಟ್ಟೆ ಕುಣಿಯುವಂತೆ ನಕ್ಕರು, ನಕ್ಕಷ್ಟೂ ಹತ್ತಿ ಇಳಿಯಿತು. ಶಹನಾಜಬೇಗಂಗೂ ನಗು ಬಂತು. ಈ ಸಲ ಸೆರಗು ಅಡ್ಡ ಹಿಡಿಯಲಿಲ್ಲ.

ಸ್ವಲ್ಪ ಹೊತ್ತಿಗೆ ಪಕೀರಪ್ಪ ತನಿಖೆಗೆ ಬಂದರು. ಹಾಜಿಸಾಬರು ಮಗ್ಗಲು ಬದಲಿಸಲು ಎದ್ದಾಗ ಸೀಟಿನ ಮೇಲೆ ಬೆರಳಿಟ್ಟು ಅಳೆದು, ಮುಖ ಸಣ್ಣದು ಮಾಡಿದರು.

"ನಾ ಆರು ದಿನ ದುಡದ್ದು ಇವರು ಒಂದ ತಾಸಿನ್ಯಾಗ ಮುಗಿಸ್ಯಾರ."

"ನೀವು ಆರ್ಡಿನರಿ ಬಸ್ಸು, ಎಲ್ಲಾ ಊರಾಗ ನಿಲ್ತೀರಿ" ಎಂದರು ಹಾಜಿಸಾಬರು. "ನಾ ಎಕ್ಸ್‌ಪ್ರೆಸ್. ಕುಷ್ಟಗಿ ಬಿಟ್ರ ಗಂಗಾವತಿ."

ಒಂದು ಗಂಟೆಯ ಹೊತ್ತಿಗೆ ಗುಡ್ಡ ಇಳಿದು ಸೀಟು ಹದಕ್ಕೆ ಬಂತು. ನಾಲ್ಕು ಬೆರಳು ಎತ್ತರ, ಎಲ್ಲ ಕಡೆ ಒಂದೇ ಸಮ. ಶಹನಾಜಬೇಗಂ ಅಂಗೈ ಒತ್ತಿ ನೋಡಿ ತಲೆಯಾಡಿಸಿದಳು. ಹಾಜಿಸಾಬರು ಅದೇ ಕುರ್ಚಿಯಲ್ಲಿ ಕೂತು, ಬೆನ್ನು ಹಿಂದಕ್ಕೆ ಆನಿಸಿ, ಐದು ರೊಟ್ಟಿ ಊಟ ಮಾಡಿದರು. ಖುಷ್ಬು ಆರನೆಯದನ್ನು ಕೇಳದೆಯೇ ತಟ್ಟೆಗೆ ಹಾಕಿದಳು.

ಕೈ ತೊಳೆದು ಬಂದ ಮೇಲೆ ಹಾಜಿಸಾಬರು ಉಳಿದ ಐದು ಕುರ್ಚಿಗಳ ಕಡೆ ನೋಡಿದರು. ಇನ್ನೂ ಮುರಿದಿರಲಿಲ್ಲ ಅಷ್ಟೇ, ಅವುಗಳ ಒಳಗೂ ಅದೇ ಒತ್ತಿದ ಹೊಟ್ಟಿನ ಹಲಗೆಯೇ.

"ಬೀಗತ್ಯಾರ, ನಿಮಗ ವಯಸ್ಸಾತು. ಮೊಳಿ ಹೊಡದು ಬೆರಳೆಲ್ಲಾ ಕೆಂಪಾಗ್ಯಾವ. ಕುಷ್ಟಗ್ಯಾಗ ಸೋಫಾ ಹೊಲಿಯವ ಒಬ್ಬ ಅದಾನ. ಮಶೀನ್ ತಗೊಂಡು ಬಂದ್ರ ಐದೂ ಒಂದ ದಿನದಾಗ ಮುಗಿಸ್ತಾನ. ನಾಳೆ ಕಳಸ್ಲಿ?"

"ಹೂಂ ಅನ್ನ ಯವ್ವಾ" ಎಂದ ಮುನವ್ವರ. "ಇಲ್ಲಂದ್ರ ನಾನರ ಮೊಳಿ ಹೊಡೀತೀನಿ, ನೀ ಬರೇ ಹತ್ತಿ ತುಂಬು."

ಶಹನಾಜಬೇಗಂ ಎರಡನೆಯ ಕುರ್ಚಿಯನ್ನು ಆಗಲೇ ತಲೆಕೆಳಗು ಮಾಡಿ ತೊಡೆಯ ಮುಂದೆ ಎಳೆದುಕೊಂಡಿದ್ದಳು. ಸ್ಕ್ರೂಡ್ರೈವರಿಗೆ ಕೈ ಚಾಚಿದ ಮಗನ ಕೈಯನ್ನು ತಳ್ಳಿದಳು.

"ಯಾರೂ ಕೈ ಹಚ್ಚಬ್ಯಾಡ್ರಿ. ಮಶೀನಿನವ ಬಂದು ಒಂದ ದಿನದಾಗ ಐದೂ ಮುಗಿಸಿದ್ರ, ಬೀಗರು ಮತ್ತ ಇಲ್ಲಿಗೆ ಯಾವಾಗ ಬರಬೇಕು? ನಾ ಒಬ್ಬಾಕಿನ ಮಾಡ್ತೀನಿ, ವಾರಕ್ಕೊಂದು. ಐದು ಕುರ್ಚಿ, ಐದು ಐತವಾರ. ಬೀಗರ, ನೀವು ಬಂದು ಕುಂಡರ್ರಿ, ಅಷ್ಟ ಸಾಕು. ಏ ಮುನವ್ವರ, ಸರಕೋ ಅತ್ಲಾಗ, ಬೆಳಕಿಗೆ ಅಡ್ಡ ನಿಂತಿ."